ಇದೋ, ಅದೋ?

ಹಬ್ಬಕ್ಕೆ ಮುಂಚೆ ಬಣ್ಣ ಹೊಡೆಸುವ ಮನೆಗಳಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕದ ಎರಡು ಬಿಸ್ಕತ್ತಿನ ಬಣ್ಣಗಳು. ಒಂದರಲ್ಲಿ ಹಳದಿ ಕೊಂಚ ಹೆಚ್ಚು, ಇನ್ನೊಂದರಲ್ಲಿ ಬೂದಿಯ ಛಾಯೆ. ಗಂಡ ಇದು ಎನ್ನುತ್ತಾನೆ, ಹೆಂಡತಿ ಅದು ಎನ್ನುತ್ತಾಳೆ. ಮರುದಿನ ಇಬ್ಬರ ಮನಸ್ಸೂ ಅದಲುಬದಲು. ವಾರವೇ ಕಳೆಯುತ್ತದೆ.

ನಗಬೇಡಿ, ಪ್ರಿಯ ಓದುಗರೇ. ಸಮಾನವಾದ ಎರಡರ ನಡುವೆ ಮನುಷ್ಯ ಹೇಗೆ ಆರಿಸುತ್ತಾನೆ ಎಂಬುದು ಹಳೆಯ ಪ್ರಶ್ನೆ. ಹಸಿವೂ ಬಾಯಾರಿಕೆಯೂ ಸಮನಾಗಿದ್ದು, ಅನ್ನ ನೀರುಗಳಿಂದ ಸಮದೂರದಲ್ಲಿರುವವನು ಕದಲದೆ ನಿಂತುಬಿಡಬೇಕಾದೀತು ಎಂಬ ಉದಾಹರಣೆ ಅರಿಸ್ಟಾಟಲನಲ್ಲೇ ಇದೆ. ಎರಡು ಹುಲ್ಲಿನ ಮೆದೆಗಳ ನಡುವೆ ಹಸಿದು ಸತ್ತ ಕತ್ತೆಯ ಕಥೆಗೆ 14ನೇ ಶತಮಾನದ ಪ್ಯಾರಿಸಿನ ಬುರಿದಾನನ ಹೆಸರು ಅಂಟಿಕೊಂಡಿದೆ. ಅವನ ಗ್ರಂಥಗಳಲ್ಲಿ ಮಾತ್ರ ಆ ಕತ್ತೆ ಇಲ್ಲ, ಪಾಪ!

ಸಂತ ತೋಮಸ್ ಅಕ್ವಿನಾಸರು ಇದೇ ಆಕ್ಷೇಪವನ್ನು ಎತ್ತಿಕೊಂಡು ಉತ್ತರಿಸುತ್ತಾರೆ. ಎರಡು ವಸ್ತುಗಳು ಒಂದು ದೃಷ್ಟಿಯಿಂದ ಸಮವಾಗಿದ್ದರೂ, ಒಂದರಲ್ಲಿ ಬೇರಾವುದೋ ಮೇಲ್ಮೆಯನ್ನು ಗಮನಿಸಲು ಅಡ್ಡಿಯಿಲ್ಲ. ಆಗ ಇಚ್ಛೆ ಅತ್ತ ವಾಲುತ್ತದೆ. ಅಂದರೆ, ಯಾವುದನ್ನು ಗಮನಿಸುತ್ತೇವೆ ಎಂಬುದರಲ್ಲೂ ನಮ್ಮ ಸ್ವಾತಂತ್ರ್ಯವಿದೆ.

ಹಾಗಾದರೆ ಗಮನಿಸಿ. ಬೆರಳಗಲದ ಕಾಗದ ನೋಡಿ ತೀರ್ಮಾನಿಸಬೇಡಿ. ಗೋಡೆಯ ಮೇಲೆಯೇ ಎರಡನ್ನೂ ಒಂದೊಂದು ಮೊಳ ಹಚ್ಚಿಸಿ, ಒಣಗಲು ಬಿಡಿ. ಬೆಳಗಿನ ಬಿಸಿಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಬೆರೆಸಿದ ಪುಡಿಗಳು ಬೇರೆಯಾಗಿದ್ದರೆ, ಹಗಲಲ್ಲಿ ಒಂದೇ ಎನಿಸಿದ ಬಣ್ಣಗಳು ಟ್ಯೂಬ್‌ಲೈಟಿನಡಿ ಬೇರೆಯಾಗಿ ಕಾಣುವುದುಂಟು. ಇಷ್ಟಾದರೂ ವ್ಯತ್ಯಾಸ ಕಾಣದಿದ್ದರೆ, ‘ಸರಿಯಾದದ್ದು’ ಎಲ್ಲೋ ಅಡಗಿ ಕುಳಿತಿದೆಯೆಂದು ಹುಡುಕಬೇಡಿ. ಎರಡೂ ಸರಿ. ಚೀಟಿ ಎತ್ತಿದರೂ ಪಾಪವಿಲ್ಲ.

ಆದರೆ ಆ ಕೋಣೆಯಲ್ಲಿ ಮಲಗುವವರು ಯಾರು? ಹಾಸಿಗೆ ಹಿಡಿದ ಅಮ್ಮನಾದರೆ, ದಿನವಿಡೀ ಆ ಗೋಡೆಯನ್ನೇ ನೋಡುವವರು ಅವರು. ಅವರನ್ನು ಯಾರಾದರೂ ಕೇಳಿದ್ದೀರಾ? ಮತ್ತೆ, “ನಿನ್ನಿಷ್ಟ” ಎನ್ನುವಾಗಲೂ ಸ್ವಲ್ಪ ಎಚ್ಚರ. ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ, ನಾಳೆ “ನೀನೇ ಆರಿಸಿದ್ದಲ್ಲವೇ” ಎನ್ನಲು ಜಾಗ ಉಳಿಸಿಕೊಳ್ಳುವುದು ಬೇರೆ. ಆಡುವ ಮಾತು ಮಾತ್ರ ಒಂದೇ. ಯಾವುದನ್ನು ಆಡಿದಿರೆಂದು ಎದುರಿಗಿರುವವರಿಗೆ ಬೇಗ ತಿಳಿಯುತ್ತದೆ.

ಇನ್ನೊಬ್ಬರೂ ಇದ್ದಾರೆ: ಬಾಗಿಲ ಬಳಿ ಡಬ್ಬಿ, ಬ್ರಷ್ಷು ಇಟ್ಟುಕೊಂಡು ಕಾಯುತ್ತಿರುವ ಪೇಂಟರ್. ಅವರದು ದಿನಗೂಲಿ. ನಮ್ಮ ಚರ್ಚೆ ಮಧ್ಯಾಹ್ನಕ್ಕೆ ಮುಗಿದರೆ ಅವರಿಗೆ ಅರ್ಧ ದಿನ. “ನಾಳೆ ಬನ್ನಿ” ಎಂದರೆ ಅದೂ ಇಲ್ಲ. ಬೆಳಿಗ್ಗೆ ಅವರು ಬರುವಷ್ಟರಲ್ಲಿ ತೀರ್ಮಾನವಾಗಿರಲಿ. ಆಗದಿದ್ದರೆ ಆ ದಿನದ ಕೂಲಿ ಕೊಟ್ಟೇ ಕಳುಹಿಸಿ.