ನಿಲ್ಲಬಾರದ್ದು ಯಾವುದು?

2007ರಲ್ಲಿ ರಿಚರ್ಡ್ ರಾಡ್ರಿಗಸ್ ಅನ್ನೋ ಅಮೆರಿಕದ ಉಪನ್ಯಾಸಕರೊಬ್ಬರು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ರೋಲರ್ ಕೋಸ್ಟರ್ ಹತ್ತಿ ಕೂತರು. ಕೂತಿದ್ದು 405 ಗಂಟೆ 40 ನಿಮಿಷ. ಹದಿನೇಳು ದಿನಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ ಕಡಿಮೆ. ಊಟ ಅದರ ಮೇಲೆ, ನಿದ್ದೆಯೂ ಅದರ ಮೇಲೆ. ಮಧ್ಯೆ ಗಂಟೆಗೆ ಐದು ನಿಮಿಷ ಮಾತ್ರ ಇಳಿಯಬಹುದು. ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ಅವರಿಗೆ ಇದೇನೂ ಹೊಸತಲ್ಲ. 1977ರಲ್ಲೇ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ನೂರು ಗಂಟೆಗೂ ಹೆಚ್ಚು ಹೀಗೇ ಕೂತಿದ್ದವರು.

ಇದನ್ನು ಯಾರಿಗೆ ಹೇಳಿದರೂ ಮೊದಲು ಬರೋ ಪ್ರಶ್ನೆ ಒಂದೇ: ಯಾಕೆ? ಹತ್ತಿದ ಜಾಗದಲ್ಲೇ ಇಳಿಯೋದಾದರೆ ಇಷ್ಟೆಲ್ಲ ಯಾಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಿವಮೊಗ್ಗ, ಭದ್ರಾವತಿ ಕಡೆಯವರಾದ ನಮಗೆ ಅದನ್ನು ಕೇಳುವ ಹಕ್ಕು ಸ್ವಲ್ಪ ಕಡಿಮೆ. ನಮ್ಮೂರಲ್ಲಿ ರೋಲರ್ ಕೋಸ್ಟರ್ ಇಲ್ಲ ನಿಜ. ಅದಕ್ಕೆ ಬಿಡದಿಯ ವಂಡರ್‌ಲಾಗೇ ಹೋಗಬೇಕು. ಆದರೆ ನಿಲ್ಲದೆ ಸುತ್ತೋದು ನಮಗೆ ಹೊಸದಲ್ಲ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಊರೂರಿನ ಮೈದಾನಗಳಲ್ಲಿ ನಾನ್‌ಸ್ಟಾಪ್ ಸೈಕಲ್ ಸವಾರಿ ನಡೆಯುತ್ತಿತ್ತು. ಒಬ್ಬ ಬಡಪಾಯಿ ದಿನಗಟ್ಟಲೆ ಸೈಕಲ್ಲಿಂದ ಇಳಿಯದೆ ಒಂದೇ ವೃತ್ತದಲ್ಲಿ ಸುತ್ತುತ್ತಿದ್ದ. ಸ್ನಾನ, ಊಟ ಎಲ್ಲ ಸೈಕಲ್ ಮೇಲೇ. ಮೈಕಿನಲ್ಲಿ ಸಿನಿಮಾ ಹಾಡು. ಮೆಚ್ಚಿದವರು ಅಂಗಿಗೆ ನೋಟು ಸಿಕ್ಕಿಸೋರು. ಅವನನ್ನು ಯಾರೂ 'ಯಾಕಪ್ಪಾ?' ಅಂತ ಕೇಳುತ್ತಿರಲಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಪಾಡು.

ಇಬ್ಬರದ್ದೂ ಒಂದೇ ಕೆಲಸ, ಆದರೆ ನಮ್ಮ ಮನಸ್ಸು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲ್ಲ. ಅಮೆರಿಕದವರು ಬೇಕು ಅಂತ ಕೂತವರು. ಸಾಕು ಅನಿಸಿದ ಕ್ಷಣ ಇಳಿದು ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ದಾಖಲೆ ತಪ್ಪುತ್ತಿತ್ತು, ಅಷ್ಟೆ. ಸೈಕಲ್ಲಿನವನು ಇಳಿದರೆ ಆ ವಾರದ ಅಕ್ಕಿ ತಪ್ಪುತ್ತಿತ್ತು. ಮೊದಲನೆಯದನ್ನು ಸಾಹಸ ಅನ್ನೋಣ. ಎರಡನೆಯದಕ್ಕೂ ಚಪ್ಪಾಳೆ ತಟ್ಟುತ್ತೇವೆ, ಆದರೆ ಆ ಚಪ್ಪಾಳೆಯಲ್ಲಿ ಎಲ್ಲೋ ಒಂದು ಮುಜುಗರ ಇದೆ. ಸಹಿಷ್ಣುತೆ ಅನ್ನೋದು ತನ್ನಷ್ಟಕ್ಕೆ ತಾನೇ ದೊಡ್ಡ ಗುಣ ಆಗಿದ್ದರೆ ಈ ಮುಜುಗರಕ್ಕೆ ಕಾರಣವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಕೋಸ್ಟರ್ ತಾನಾಗಿ ಓಡಲ್ಲ. ಗುಂಡಿ ಒತ್ತುವವರು, ಹಳಿ ನೋಡುವವರು, ಬೋಲ್ಟು ಬಿಗಿ ಮಾಡುವವರು ಬೇಕು. ಹದಿನೇಳು ದಿನ ಒಬ್ಬರೇ ಗುಂಡಿ ಒತ್ತಿರೋಕೆ ಸಾಧ್ಯ ಇಲ್ಲ. ಒಬ್ಬ ಮನುಷ್ಯ ನಿಲ್ಲದೆ ಸುತ್ತಬೇಕಾದರೆ ಕೆಳಗೆ ಹಲವರು ಪಾಳಿಯಲ್ಲಿ ಬದಲಾಗುತ್ತಾ ಇರಬೇಕು. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಆಗುತ್ತದಲ್ಲ, ಅಂಥ ಜಾತ್ರೆಗಳ ಜೈಂಟ್ ವೀಲ್ ನೋಡಿ. ಅಲ್ಲಿ ಲೆಕ್ಕ ತಿರುಗಾಮುರುಗಾ. ಹತ್ತಿದವರು ಐದು ನಿಮಿಷಕ್ಕೆ ಇಳಿದು ಮಂಡಕ್ಕಿ, ಮಿರ್ಚಿ ಕಡೆ ಹೋಗುತ್ತಾರೆ. ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕೋ ಹುಡುಗ ಮಾತ್ರ ಮಧ್ಯಾಹ್ನದಿಂದ ನಡುರಾತ್ರಿವರೆಗೆ ಅಲ್ಲೇ. ಅವನ ಗಂಟೆಗಳನ್ನು ಯಾವ ಪುಸ್ತಕವೂ ಬರೆದಿಡಲ್ಲ.

'ಪಾಳಿ' ಅನ್ನೋ ಪದವನ್ನು ಸ್ವಲ್ಪ ಹಿಡಿದುಕೊಳ್ಳೋಣ.

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. ಆ ಹೆಸರಿಗೆ ತಕ್ಕ ಹಾಗೆ ಅಲ್ಲಿ ಬೆಂಕಿಯ ಕಾರ್ಖಾನೆಯೇ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1918ರಲ್ಲಿ ಹುಟ್ಟಿದ ಕಾರ್ಖಾನೆ ಅದು. 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯದ್ದು, ಇದ್ದಿಲು ಮಲೆನಾಡಿನ ಕಾಡಿನದ್ದು. ನಮಗೆಲ್ಲ ಈಗ ಅದು ವಿಐಎಸ್‌ಎಲ್.

ಊದುಕುಲುಮೆಯ ಸ್ವಭಾವ ಒಂದಿದೆ. ಮೇಲಿನಿಂದ ಅದಿರು, ಇದ್ದಿಲು, ಸುಣ್ಣದ ಕಲ್ಲು ಹಾಕುತ್ತಾ ಇರಬೇಕು, ಕೆಳಗಿನಿಂದ ಬಿಸಿಗಾಳಿ ಊದುತ್ತಾ ಇರಬೇಕು. ಹಬ್ಬ, ಮದುವೆ, ಮಳೆ ಯಾವುದೂ ಅದಕ್ಕೆ ಗೊತ್ತಿಲ್ಲ. ತಣ್ಣಗಾಗೋಕೆ ಬಿಟ್ಟರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗಿ, ಮತ್ತೆ ಹಚ್ಚೋದು ದೊಡ್ಡ ರಗಳೆ. ಅಂದರೆ ಬೆಂಕಿ ನಿಲ್ಲಬಾರದು. ಆದರೆ ಬೆಂಕಿ ಮುಂದೆ ನಿಂತವನು ಎಂಟು ಗಂಟೆಗೆ ಮನೆಗೆ ಹೋಗಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸೋಕೆ ಮನುಷ್ಯ ಕಂಡುಕೊಂಡ ಉಪಾಯವೇ ಪಾಳಿ. ಒಂದು ಕಾಲಕ್ಕೆ ಭದ್ರಾವತಿಯ ಮನೆಮನೆಯ ಅಡುಗೆ, ನಿದ್ದೆ, ಮಕ್ಕಳ ಸ್ಕೂಲು ಎಲ್ಲ ಪಾಳಿಗೆ ಹೊಂದಿಕೊಂಡೇ ನಡೆಯುತ್ತಿತ್ತು.

ನಮ್ಮ ಕಡೆಯ ಅಖಂಡ ಭಜನೆಯಲ್ಲೂ ಇದೇ ಏರ್ಪಾಡು ಇದೆ. ಹಗಲು ರಾತ್ರಿ ನಾಮಸ್ಮರಣೆ ನಿಲ್ಲಬಾರದು, ದೀಪ ಆರಬಾರದು. ಆದರೆ ಹಾಡೋರು ಬದಲಾಗುತ್ತಾ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಒಂದು ತಂಡ ತಾಳ ಕೈ ಬದಲಿಸಿ ಕಾಫಿ ಕುಡಿದು ಮಲಗುತ್ತದೆ. ಯಾರೂ ಅವರನ್ನು ಸೋತವರು ಅನ್ನಲ್ಲ. ಅಖಂಡ ಅನ್ನೋದು ಭಜನೆಗೆ ಹೇಳಿದ ಮಾತು, ಹಾಡುವ ಗಂಟಲಿಗೆ ಅಲ್ಲ.

ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನಿಸುತ್ತದೆ. ನಿಲ್ಲಬಾರದ್ದು ಕೆಲಸವೋ, ಮನುಷ್ಯನೋ? ಈ ಪ್ರಶ್ನೆಗೆ ಉತ್ತರ ಗೊಂದಲ ಆದಲ್ಲೆಲ್ಲ ಅನ್ಯಾಯ ಶುರುವಾಗುತ್ತದೆ.

ಈಗ ನಮ್ಮ ಕಥೆಗೆ ಬನ್ನಿ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ ಹತ್ತೋ ಹುಡುಗ ಹುಡುಗಿಯರ ತೊಡೆ ಮೇಲೆ ಲ್ಯಾಪ್‌ಟಾಪ್. ಕಡೂರು ದಾಟಿದರೂ ಕಾಲ್ ಮುಗಿದಿರಲ್ಲ. ಸರ್ವರ್ ನಿಲ್ಲಬಾರದು ಅನ್ನೋದು ಒಪ್ಪಿಕೊಳ್ಳೋಣ. ಆಸ್ಪತ್ರೆ, ಬ್ಯಾಂಕು, ರೈಲು ಟಿಕೆಟ್ಟು ಎಲ್ಲ ಅದರ ಮೇಲೇ ನಿಂತಿದೆ. ಆದರೆ ಸರ್ವರ್ ನಿಲ್ಲಬಾರದು ಅಂತ ಶುರುವಾದ ಮಾತು ಯಾವಾಗ 'ನೀನು ನಿಲ್ಲಬಾರದು' ಅಂತ ಬದಲಾಯಿತು? 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಆರಂಭದಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಮಧ್ಯೆ 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾಪ ಸುದ್ದಿಯಾಗಿ, ನೌಕರರ ಸಂಘದವರು ವಿರೋಧಿಸಿದರು. 1948ರ ಕಾರ್ಖಾನೆ ಕಾಯ್ದೆ ಕುಲುಮೆ ಮುಂದೆ ನಿಂತವನಿಗೆ ಹಾಕಿದ ಮಿತಿ ವಾರಕ್ಕೆ 48.

ತಮಾಷೆ ನೋಡಿ. ಹುಚ್ಚು ಅಂತ ನಾವು ನಕ್ಕ ಆ ಕೋಸ್ಟರ್ ಮ್ಯಾರಥಾನ್‌ಗೇ ಗಂಟೆಗೆ ಐದು ನಿಮಿಷದ ನಿಯಮ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದು. 1964ರಲ್ಲಿ ರ‍್ಯಾಂಡಿ ಗಾರ್ಡ್ನರ್ ಅನ್ನೋ ಹೈಸ್ಕೂಲ್ ಹುಡುಗ 264 ಗಂಟೆ ನಿದ್ದೆ ಇಲ್ಲದೆ ಇದ್ದ. ಮುಂದೆ ಗಿನ್ನೆಸ್‌ನವರು ನಿದ್ದೆಗೆಡುವ ದಾಖಲೆಯನ್ನು ತೆಗೆದುಕೊಳ್ಳೋದನ್ನೇ ಬಿಟ್ಟರು, ದೇಹಕ್ಕೆ ಅಪಾಯ ಅಂತ. ದಾಖಲೆ ಮಾರಿ ಬದುಕೋ ಪುಸ್ತಕವೇ ಒಂದು ಕಡೆ ಸಾಕು ಅಂದಿದೆ.

ಇದಕ್ಕೆ ನಿಮ್ಮಲ್ಲಿ ಕೆಲವರು ಒಂದು ಮಾತು ಹೇಳಬಹುದು: 'ನನಗೆ ಯಾರೂ ಬಲವಂತ ಮಾಡಿಲ್ಲ, ನಾನೇ ಇಷ್ಟಪಟ್ಟು ಕೂತಿದ್ದೀನಿ.' ಇರಬಹುದು. ಇಷ್ಟಪಟ್ಟು ಮಾಡೋ ಕೆಲಸದಲ್ಲಿ ಸಮಯ ಹೋಗಿದ್ದು ಗೊತ್ತಾಗಲ್ಲ, ಅದು ಸುಖವೇ. ಆದರೆ ಇಷ್ಟಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ನಾಳೆ ಇಳಿದರೆ ಏನಾಗುತ್ತದೆ? ದಾಖಲೆ ಮಾತ್ರ ತಪ್ಪುತ್ತದೆ ಅಂತಾದರೆ ನೀವು ರಾಡ್ರಿಗಸ್. ಅಪ್ರೈಸಲ್, ಇಎಂಐ, ಮನೆ ಬಾಡಿಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರೆ ನೀವು ಮೈದಾನದ ಸೈಕಲ್ಲಿನವರು. ಶರ್ಟು ಮಾತ್ರ ಚೆನ್ನಾಗಿದೆ.

ಹಾಗಾದರೆ ಪಾಳಿ ಒಂದೇ ಉತ್ತರವಾ? ಅಷ್ಟು ಸಲೀಸಲ್ಲ. ಪಾಳಿಯ ಮೂಲದಲ್ಲೇ ಒಂದು ಭಯ ಇದೆ. ನಾನಿಲ್ಲದೆಯೂ ಕೆಲಸ ನಡೆಯುತ್ತದೆ ಅಂದರೆ, ನಾನು ಯಾಕೆ ಬೇಕು? ಬಹಳಷ್ಟು ಜನ ರಾತ್ರಿ ಲಾಗ್ ಔಟ್ ಆಗದೆ ಇರೋದು ಕೆಲಸದ ಪ್ರೀತಿಯಿಂದಲ್ಲ, ಈ ಭಯದಿಂದ. ಮತ್ತೆ ಈ ಭಯ ಸುಳ್ಳಲ್ಲ ಅಂತ ಭದ್ರಾವತಿಯೇ ತೋರಿಸಿದೆ. 2023ರ ಜನವರಿಯಲ್ಲಿ ಸೈಲ್ ಸಂಸ್ಥೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಹಾಕಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಒಂದೆರಡು ದಿನ ಅಲ್ಲ, ತಿಂಗಳುಗಟ್ಟಲೆ. ಅದೂ ಒಂದು ಮ್ಯಾರಥಾನೇ. ಆದರೆ ಅವರು ಕೇಳುತ್ತಿದ್ದದ್ದು ಇಳಿಸಿ ಅಂತ ಅಲ್ಲ, ಮತ್ತೆ ಹತ್ತಿಸಿಕೊಳ್ಳಿ ಅಂತ. ಪಾಳಿ ಮುಗಿಸಿ ಮನೆಗೆ ಹೋದವನಿಗೆ ಮರುದಿನ ಬಂದಾಗ ತನ್ನ ಜಾಗ ಅಲ್ಲೇ ಇರುತ್ತದೆ ಅನ್ನೋ ಭರವಸೆ ಇರಬೇಕು. ಆ ಭರವಸೆ ಇಲ್ಲದೆ ಹೋದರೆ ಪಾಳಿ ಅನ್ನೋದು ಬರೀ ಬದಲಿ ಹುಡುಕೋ ವ್ಯವಸ್ಥೆ.

ಹಾಗಾಗಿ ನನ್ನ ಲೆಕ್ಕದಲ್ಲಿ ದುಡಿಮೆ ನ್ಯಾಯವಾಗಿರೋಕೆ ಎರಡು ಬೇಕು. ಬೇಕಾದಾಗ ಇಳಿಯೋಕೆ ಬಿಡಬೇಕು. ಇಳಿದವನಿಗೆ ಮತ್ತೆ ಹತ್ತೋಕೆ ಜಾಗ ಇರಬೇಕು. ಮೊದಲನೆಯದು ಇಲ್ಲದ ಕಡೆ ಜನ ಸುಸ್ತಾಗಿ ಬೀಳುತ್ತಾರೆ, ಎರಡನೆಯದು ಇಲ್ಲದ ಕಡೆ ಹೆದರಿ ಇಳಿಯೋದೇ ಇಲ್ಲ. ನಮ್ಮ ಆಫೀಸುಗಳಲ್ಲಿ ಎರಡನೆಯ ಜಾತಿಯವರೇ ಜಾಸ್ತಿ. ಅವರನ್ನು ನೋಡಿ ಎಂಥಾ ಕಮಿಟ್‌ಮೆಂಟ್ ಅಂತ ಹೊಗಳೋದು, ಸೈಕಲ್ಲಿನವನ ಅಂಗಿಗೆ ನೋಟು ಸಿಕ್ಕಿಸಿದ ಹಾಗೆ.

ಇಷ್ಟು ಹೇಳಿ ರಾಡ್ರಿಗಸ್ ಬಗ್ಗೆ ನನಗೆ ತಕರಾರು ಇಲ್ಲ. ಒಬ್ಬ ಮನುಷ್ಯ ಯಾವ ಲಾಭವೂ ಕಾಣದ ಕಡೆ ತನ್ನ ದೇಹ ಎಷ್ಟು ತಡೆಯುತ್ತದೆ ಅಂತ ನೋಡೋಕೆ ಹೊರಟರೆ ಅದರಲ್ಲೊಂದು ಆಟದ ಸೊಗಸಿದೆ. ಆಟ ಆಗಿರುವವರೆಗೆ ಚೆಂದ. ಅದೇ ಆಟವನ್ನು ಬದುಕಿನ ನಿಯಮ ಮಾಡಿ ಇನ್ನೊಬ್ಬರ ಮೇಲೆ ಹೇರಿದಾಗ ಆ ಸೊಗಸು ಹೋಗಿಬಿಡುತ್ತದೆ.

ಮುಂದಿನ ಸಲ ಯಾರಾದರೂ ಪ್ರೀತಿಯಿಂದಲೇ 'ನೀನಿಲ್ಲದೆ ಇದು ನಡೆಯೋದೇ ಇಲ್ಲ ಕಣೋ' ಅಂದರೆ ಉಬ್ಬಿಹೋಗಬೇಡಿ. ಮುಂದಿನ ಪಾಳಿ ಯಾರದು ಅಂತ ಕೇಳಿ. ಉತ್ತರ ಬಂದರೆ ನೀವು ಕಾರ್ಖಾನೆಯಲ್ಲಿದ್ದೀರಿ, ಇಲ್ಲವೇ ಭಜನೆಯಲ್ಲಿ. ಬರಲಿಲ್ಲ ಅಂದರೆ ಗಂಟೆಗೆ ಐದು ನಿಮಿಷವನ್ನಾದರೂ ಬರವಣಿಗೆಯಲ್ಲಿ ಪಡೆದುಕೊಳ್ಳಿ.