ಹಿಂಭಾರ

ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಯ ಅಟ್ಟದಲ್ಲಿ ಉಳಿದ ವಸ್ತುಗಳಲ್ಲಿ ಒಂದು ಪುಟ್ಟ ವಿಮಾನವೂ ಇತ್ತು. ಒಂದರ ಮೇಲೊಂದು ರೆಕ್ಕೆಯಿರುವ ಟೈಗರ್ ಮಾಥ್. ರೆಕ್ಕೆಯ ತುದಿಯಿಂದ ತುದಿಗೆ 140 ಸೆಂಟಿಮೀಟರ್, ತೂಕ 2,800 ಗ್ರಾಂ; ನೆಲದ ಮೇಲೆ ನಿಂತು ರೇಡಿಯೊ ಮೂಲಕ ಹಾರಿಸುವಂಥದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಅಕ್ಕ ಗೊಣಗುತ್ತಿದ್ದರೂ ಭಾವ ಎರಡು ವರ್ಷ ರಾತ್ರಿಯ ಹೊತ್ತು ಕುಳಿತು ಅದನ್ನು ಬಾಲ್ಸಾ ಮರದಲ್ಲಿ ಕಟ್ಟಿದ್ದರು. ಅದನ್ನು ಬೀಳಿಸಿದವನು ನಾನು.

ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹುಡುಗನಿಗೆ ಆಗ ಹದಿನಾಲ್ಕು. ವಿಮಾನ ನೆಲ ಬಿಟ್ಟದ್ದೇ ಮೂಗನ್ನು ಆಕಾಶಕ್ಕೆತ್ತಿತು. ನಾನು ತಗ್ಗಿಸಿದರೆ ಅತಿಯಾಗಿ ತಗ್ಗಿತು, ಎತ್ತಿದರೆ ಅತಿಯಾಗಿ ಎತ್ತಿತು. ಕೊನೆಗೆ ಒಂದು ಗಳಿಗೆ ನಿಂತಂತಾಗಿ, ಮಗ್ಗುಲಾಗಿ, ಗಿರಗಿರನೆ ತಿರುಗಿ ಬಿತ್ತು. ಹುಡುಗ ಓಡಿದ. ನಾನು ಹಿಂದಿನಿಂದ ಹೋಗಿ, "ರೇಡಿಯೊ ಕೈಕೊಟ್ಟಿತು ಕಣೋ" ಎಂದೆ. ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ ನನಗೇ ಆಶ್ಚರ್ಯ.

ನಿಜ ಬೇರೆಯೇ ಇತ್ತು. ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಎಂದರೆ ವಿವರಿಸಬೇಕಿಲ್ಲ. ಗಾಡಿ ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ವಿಮಾನಕ್ಕೂ ಅದೇ ನ್ಯಾಯ. ಮುಂಭಾರವಾದದ್ದು ಸೋಮಾರಿಯಾಗಿ ಹಾರುತ್ತದೆ. ಹಿಂಭಾರವಾದದ್ದು ಒಂದೇ ಸಲ ಹಾರುತ್ತದೆ ಎಂದು ಈ ಹವ್ಯಾಸದವರು ನಗೆಯಾಡುತ್ತಾರೆ. ಸಾಮಾನ್ಯ ಮಾದರಿಯಲ್ಲಿ ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಎರಡು ಬೆರಳಿಟ್ಟು ಎತ್ತಿದರೆ ಅದು ಸಮನಾಗಿ ನಿಲ್ಲಬೇಕು. ಇಂಧನದ ಟ್ಯಾಂಕು ಖಾಲಿಯಿರುವಾಗ ನೋಡಬೇಕು. ಟ್ಯಾಂಕು ಮುಂದಿರುವುದರಿಂದ ಅದು ಬರಿದಾದಂತೆಲ್ಲ ಭಾರ ಹಿಂದಕ್ಕೆ ಸರಿಯುತ್ತದೆ. ಆದರೆ ಎರಡು ರೆಕ್ಕೆಯ ವಿಮಾನದಲ್ಲಿ ಮೇಲಿನದು ಮುಂದೆ, ಕೆಳಗಿನದು ಹಿಂದೆ ಇದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ನಾನು ಕೆಳಗಿನ ರೆಕ್ಕೆಯೊಂದನ್ನೇ ಅಳೆದಿದ್ದೆ. ಅದೂ ತುಂಬಿದ ಟ್ಯಾಂಕಿನಲ್ಲಿ. ಬಿದ್ದ ಆ ಕ್ಷಣದಲ್ಲೇ ಇದು ನನಗೆ ಹೊಳೆದಿತ್ತು.

ಹದಿನೈದು ದಿನ ಕಳೆದ ಮೇಲೆ ಹುಡುಗ ನನ್ನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದ: "ಮಾಮ, ಹಿಂದಿನ ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿದ್ದು ನಾನಲ್ವಾ? ಸರಿಯಾಗಿ ಹಾಕಿರ್ಲಿಲ್ವೇನೋ."

ನನ್ನ ಸುಳ್ಳು ಯಾರಿಗೂ ತಗಲದೆ ಗಾಳಿಯಲ್ಲಿ ಹೋಯಿತೆಂದು ನಾನು ತಿಳಿದಿದ್ದೆ. ಅದು ಅಪ್ಪನಿಲ್ಲದ ಹುಡುಗನ ಹೆಗಲ ಮೇಲೆ ಇಳಿದಿತ್ತು. ಆಗಲಾದರೂ ಹೇಳಿದೆನೇ? ಇಲ್ಲ. "ಹಾಗೇನಿಲ್ಲ ಬಿಡೋ" ಎಂದು ಎದ್ದುಹೋದೆ. ಆಮೇಲೆ ಅವನಿಗೊಂದು ಕೈಗಡಿಯಾರ ಕೊಡಿಸಿದೆ. ವಿಮಾನವನ್ನು ನಾನೇ ರಿಪೇರಿ ಮಾಡಿಕೊಡುವುದಾಗಿ ಮಾತು ಕೊಟ್ಟೆ.

ರಿಪೇರಿ ಎಂದರೆ ಭಾರ ಸೇರಿಸುವುದು. ಇದು ಮುರಿದದ್ದನ್ನು ಕೂಡಿಸಿದ ಎಲ್ಲರಿಗೂ ಗೊತ್ತು. ಬಾಲದ ಬಳಿ ಮುರಿದಲ್ಲಿ ಧಾರಾಳವಾಗಿ ಎಪಾಕ್ಸಿ ಅಂಟು ಮೆತ್ತಿದೆ, ಪ್ಲೈವುಡ್ ಚೂರುಗಳನ್ನು ಒಳಗೆ ಕೂರಿಸಿದೆ. ಒಟ್ಟು 60 ಗ್ರಾಂ. ಆದರೆ ಬಾಲ ತೂಕದ ಕೇಂದ್ರದಿಂದ 70 ಸೆಂಟಿಮೀಟರ್ ಹಿಂದೆ. ಮೂಗಿನಲ್ಲಿ ಸೀಸ ಇಡಬಹುದಾದ ಜಾಗ 23 ಸೆಂಟಿಮೀಟರ್ ಮುಂದೆ. ಹಿಂದಿನ ಒಂದು ಗ್ರಾಮಿಗೆ ಮುಂದೆ ಮೂರು ಗ್ರಾಂ ತೆರಬೇಕು. 60ಕ್ಕೆ 180. ಅಂದರೆ 60 ಗ್ರಾಂ ಅಂಟಿಗಾಗಿ ವಿಮಾನ ಹೊರಬೇಕಾದ ಹೊರೆ 240 ಗ್ರಾಂ. ಭಾರ ಹೆಚ್ಚಿದಷ್ಟೂ ಅದು ಬೀಳದಿರಲು ಬೇಕಾದ ವೇಗ ಹೆಚ್ಚುತ್ತದೆ. ಇಳಿಯುವಾಗಿನ ಪೆಟ್ಟೂ ಹೆಚ್ಚುತ್ತದೆ.

ಸೀಸ ಕರಗಿಸುತ್ತಾ ಕುಳಿತಿದ್ದಾಗ ಕೈಗಡಿಯಾರದ ನೆನಪಾಯಿತು. ಅದೂ ಮೂಗಿಗೆ ಇಟ್ಟ ಸೀಸವೇ. ತಪ್ಪು ಇದ್ದಲ್ಲಿಯೇ ಇತ್ತು. ನಾನು ಇನ್ನೊಂದು ತುದಿಗೆ ಒಳ್ಳೆಯತನವನ್ನು ಕಟ್ಟಿ ತೂಗಿಸಲು ಹೊರಟಿದ್ದೆ. ನಾವು ಪ್ರಾಯಶ್ಚಿತ್ತ ಎನ್ನುವುದರಲ್ಲಿ ಎಷ್ಟು ಪಾಲು ಇಂಥದೋ! ಹೊರಗಿನಿಂದ ನೋಡಿದವರಿಗೆ ಎರಡೂ ತಟ್ಟೆ ಸಮವಾಗಿಯೇ ಕಾಣುತ್ತವೆ. ಹೊರುವವನಿಗೆ ಮಾತ್ರ ಗೊತ್ತು. ಈ ಸಂಗತಿಯಲ್ಲಿ ಹೊರುತ್ತಿದ್ದವನು ನಾನೂ ಅಲ್ಲ, ಆ ಹುಡುಗ.

ನಿಜ ಹೇಳುವುದೆಂದರೆ ಹೇಳುವವನು ತನ್ನ ಎದೆ ಹಗುರ ಮಾಡಿಕೊಳ್ಳುವ ಸ್ವಾರ್ಥ ಎಂದು ವಾದಿಸುವವರಿದ್ದಾರೆ. ಕೆಲವು ಸಲ ಹೌದು. ಕೇಳುವವನಿಗೆ ನೋವನ್ನಷ್ಟೇ ಕೊಡುವ ನಿಜಗಳೂ ಉಂಟು. ಆದರೆ ಮುಚ್ಚಿಟ್ಟ ತಪ್ಪಿನ ಹೊಣೆ ಇನ್ನೊಬ್ಬನ ತಲೆಗೆ ಹೋಗಿ ಕೂತಿರುವಾಗ ಈ ವಾದ ನಿಲ್ಲುವುದಿಲ್ಲ. ಅಲ್ಲಿ ಮೌನವೇ ಸ್ವಾರ್ಥ.

ಅಡ್ಡೆ ಹೊರುವವನು ಒಂದು ಕೊಡ ಅರ್ಧ ಖಾಲಿಯಾದರೆ ಅದಕ್ಕೆ ಕಲ್ಲು ತುಂಬುವುದಿಲ್ಲ, ಹೆಗಲನ್ನು ತುಂಬಿದ ಕೊಡದತ್ತ ಸರಿಸುತ್ತಾನೆ. ಟೈಗರ್ ಮಾಥ್ ಕಟ್ಟಿದವರೂ ಹೀಗೇ ಮಾಡಿದ್ದರು. ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಇಂಗ್ಲೆಂಡಿನಲ್ಲಿ ಮೊದಲು ಹಾರಿದ್ದು 1931ರಲ್ಲಿ. 1951ರಲ್ಲಿ ಬೆಂಗಳೂರಿನ ಎಚ್.ಟಿ.-2 ಹಾರಿ ಆ ಜಾಗಕ್ಕೆ ಬರುವವರೆಗೂ ನಮ್ಮ ವಾಯುಪಡೆಯ ಹುಡುಗರು ಇದರಲ್ಲೇ ಕಲಿತರು. ಮುಂದಿನ ಆಸನದವನು ಆಪತ್ತಿನಲ್ಲಿ ಪ್ಯಾರಾಚೂಟ್ ಸಮೇತ ಹೊರಬೀಳಲು ಮೇಲಿನ ರೆಕ್ಕೆ ಅಡ್ಡಬರುತ್ತದೆಂದು ಅದರ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಆಗ ಎತ್ತುವ ಬಲವೂ ಮುಂದೆ ಹೋಯಿತು. ಅದನ್ನು ಮತ್ತೆ ತೂಕದ ಕೇಂದ್ರಕ್ಕೆ ತರಲು ರೆಕ್ಕೆಗಳನ್ನೇ ಹಿಂದಕ್ಕೆ ಓರೆ ಮಾಡಿದರು. ಸೀಸ ಕಟ್ಟಿ ಕೈತೊಳೆದುಕೊಳ್ಳಲಿಲ್ಲ.

ನಾನು ಸೀಸವನ್ನು ಬದಿಗಿಟ್ಟು ಉಪ್ಪುಕಾಗದ ಹಿಡಿದೆ. ಮೂರು ಸಂಜೆ ಉಜ್ಜಿ 45 ಗ್ರಾಂ ತೆಗೆದೆ. ಬ್ಯಾಟರಿಯನ್ನು ಎಂಜಿನ್ನಿನ ಹಿಂದಕ್ಕೇ ತಳ್ಳಿದೆ. ನಾನು ಹುಮ್ಮಸ್ಸಿನಲ್ಲಿ ಹಾಕಿದ್ದ ಪ್ರೊಪೆಲ್ಲರನ್ನೂ ಬದಲಿಸಿದೆ. ಪ್ರೊಪೆಲ್ಲರಿನ ಮೇಲೆ ಎರಡು ಅಂಕಿಗಳಿರುತ್ತವೆ: ಮೊದಲನೆಯದು ತುದಿಯಿಂದ ತುದಿಗೆ ಉದ್ದ, ಎರಡನೆಯದು ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಸಾಗಬೇಕೆಂಬ ಲೆಕ್ಕ, ಎರಡೂ ಅಂಗುಲದಲ್ಲಿ. ನನ್ನದು 11-8, ವೇಗದ ಆಸೆಯದು. ಎರಡು ರೆಕ್ಕೆ, ಕಂಬ, ತಂತಿಗಳಿಂದ ಗಾಳಿಗೆ ತಡೆಯೊಡ್ಡುವ ವಿಮಾನಕ್ಕೆ ವೇಗ ಒಗ್ಗುವುದಿಲ್ಲ. ನಿಧಾನದಲ್ಲೇ ಬಲವಾಗಿ ಎಳೆಯುವ 12-6 ಬೇಕು. ಭಾವ ಹಾಕಿದ್ದುದು ಅದನ್ನೇ. 10 ಸಿ.ಸಿ. ಎಂಜಿನ್ನಿಗೆ ಎರಡರ ಹೊರೆಯೂ ಹೆಚ್ಚುಕಡಿಮೆ ಒಂದೇ. ಇರುವ ಬಲವನ್ನು ಎಲ್ಲಿ ಖರ್ಚು ಮಾಡುತ್ತೇವೆ ಎಂಬುದಷ್ಟೇ ಬೇರೆ.

ಮೇಲಿನ ರೆಕ್ಕೆಯ ಅಡಿಯನ್ನು ಒರೆಸುವಾಗ ಪೆನ್ಸಿಲಿನ ಎರಡು ಸಣ್ಣ ಚುಕ್ಕೆಗಳು ಕಂಡವು. ಬೆರಳಿಡಬೇಕಾದ ಜಾಗವನ್ನು ಭಾವ ಗುರುತು ಮಾಡಿಟ್ಟಿದ್ದರು. ನಾನು ನೋಡಿರಲಿಲ್ಲ.

ಅಂದೇ ಹುಡುಗನನ್ನು ಕರೆದು ಚುಕ್ಕೆ ತೋರಿಸಿ ಎಲ್ಲವನ್ನೂ ಹೇಳಿದೆ. "ಬ್ಯಾಟರಿ ಸರಿಯಾಗಿಯೇ ಇತ್ತು. ನಾನು ತೂಕ ನೋಡಿದ್ದು ತಪ್ಪು. ನಿನಗೆ ಸುಳ್ಳು ಹೇಳಿದೆ." ಅವನು ಏನೂ ಅನ್ನದೆ ಹೊರಟುಹೋದ. ನಾಲ್ಕು ದಿನ ಈ ಕಡೆ ತಲೆಹಾಕಲಿಲ್ಲ. ಕೈಗಡಿಯಾರ ಮೇಜಿನ ಮೇಲೇ ಇತ್ತೆಂದು ಅಕ್ಕ ಹೇಳಿದಳು.

ಐದನೆಯ ದಿನ ಬಂದು, "ಎತ್ತಿ, ನಾನೇ ಹಿಡಿದು ನೋಡ್ತೀನಿ" ಎಂದ. ಅಪ್ಪನ ಚುಕ್ಕೆಗಳ ಮೇಲೆ ಬೆರಳಿಟ್ಟು ಎತ್ತಿದ. ಬಾಲ ಇನ್ನೂ ತುಸು ಕೆಳಗಿತ್ತು. ಉಳಿದ 15 ಗ್ರಾಂ ಅಂಟನ್ನು ತೆಗೆಯುವಂತಿರಲಿಲ್ಲ. ತೆಗೆದರೆ ಮುರಿದದ್ದು ಮತ್ತೆ ಬಿಡುತ್ತಿತ್ತು. ಅಷ್ಟಕ್ಕೆ ಸೀಸ ಇಡಲೇಬೇಕಾಯಿತು. ಅವನೇ ತೂಗಿ ಮೂಗಿನಲ್ಲಿ ಕೂರಿಸಿದ. ಚುಕ್ಕೆಯ ಪಕ್ಕದಲ್ಲಿ ಪೆನ್ಸಿಲಿನಿಂದ "ಸೀಸ 20 ಗ್ರಾಂ" ಎಂದು ಬರೆದ.