ನಷ್ಟದ ಪಾಲು, ಲಾಭದ ಪಾಲು

ಮಾರುವುದು ಬೇರೆ, ಪಾಲು ಕೊಡುವುದು ಬೇರೆ. ಎರಡರಲ್ಲೂ ಕಾಯಿಪಲ್ಲೆ ನಮ್ಮ ಹೊಲದಿಂದ ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ, ರೊಕ್ಕ ನಮ್ಮ ಕಿಸೆಗೆ ಬರುತ್ತದೆ. ಆದರೂ ಎರಡೂ ಒಂದಲ್ಲ. ಇಷ್ಟು ಸಣ್ಣ ಮಾತು ನನಗೆ ತಿಳಿಯಲಿಕ್ಕೆ ಒಂದು ಮಹಾಪೂರ, ಒಂದು ಟೊಮ್ಯಾಟೊ ಬೆಳೆ ಬೇಕಾಯಿತು. ತಪ್ಪು ನನ್ನದೇ ಇದೆ, ಅದಕ್ಕೇ ಬಿಚ್ಚಿ ಬರೆಯುತ್ತೇನೆ.

ಕುರುಂದವಾಡದ ಹತ್ತಿರ ಕೃಷ್ಣಾ ಹೊಳಿ ದಂಡಿಗೆ ನಮ್ಮದು 30 ಗುಂಟೆ ಹೊಲ. ಸುತ್ತ ನಾಕೂ ಕಡೆ ಕಬ್ಬು. ನಡುವೆ ನಾವು ಸರಕಾರಿ ಗೊಬ್ಬರ ಹಾಕದೆ ಕಾಯಿಪಲ್ಲೆ ಬೆಳೆಯುತ್ತೇವೆ. ಸೆಗಣಿ, ಗೋಮೂತ್ರ, ಬೆಲ್ಲ, ಕಡಲಿ ಹಿಟ್ಟು ಕಲಿಸಿ 200 ಲೀಟರಿನ ಪೀಪಾಯಿಯಲ್ಲಿ ಜೀವಾಮೃತ ಮಾಡಿ ನೀರಿನ ಜೋಡಿ ಬಿಡುತ್ತೇವೆ. 2016ರಿಂದ ಊರೊಳಗಿನ 14 ಮನೆಗಳು ನಮ್ಮ ಸಂಗಡ ಕೂಡಿಕೊಂಡಿವೆ. ಮೃಗದ ಮಳೆಗೆ ಒಮ್ಮೆ, ದೀಪಾವಳಿಗೆ ಒಮ್ಮೆ, ಮನೆಗೆ 3,000 ರೂಪಾಯಿ ಮುಂಗಡ ಕೊಡುತ್ತಾರೆ. ವಾರಕ್ಕೊಮ್ಮೆ ಹೊಲದಲ್ಲಿ ಏನು ಬಂದಿರುತ್ತದೋ ಅದನ್ನು 14 ಪಾಲು ಮಾಡಿ ಮುಟ್ಟಿಸುತ್ತೇವೆ. ಇಂಥಾದ್ದೇ ಬೇಕು ಅನ್ನುವ ಹಾಗಿಲ್ಲ. ಜಪಾನದಲ್ಲಿ 1970ರ ಆಚೀಚೆ ಮನೆ ನಡೆಸುವ ಹೆಣ್ಣುಮಕ್ಕಳು ರೈತರ ಜೋಡಿ ಹೀಗೇ ಕೂಡಿಕೊಂಡರಂತೆ. ಅಲ್ಲಿ ಅದಕ್ಕೆ ‘ತೇಯ್ಕೇಯ್’ ಅನ್ನುತ್ತಾರೆ ಎಂದು ಮಾಸ್ತರರೊಬ್ಬರು ಹೇಳಿದರು. ನಾವು ಬರೇ ‘ಪಾಲು’ ಅನ್ನುತ್ತೇವೆ.

ಪಾಲಿನೊಳಗೆ ಮೊದಲು ಕಲಿಯುವುದು ತಾಳ್ಮೆ. ಮಳೆಗಾಲಕ್ಕೆ ಹೀರೀಕಾಯಿ, ಚವಳೀಕಾಯಿ, ಪುಂಡಿಪಲ್ಲೆ, ರಾಜಗಿರಿ. ಚಳಿಗೆ ಮೆಂತೆಪಲ್ಲೆ, ಹಕ್ಕರಕಿ, ಅವರೀಕಾಯಿ, ಗಜ್ಜರಿ. ಬ್ಯಾಸಗಿಗೆ ಸವತೀಕಾಯಿ, ಹಾಗಲಕಾಯಿ, ಉಳ್ಳಾಗಡ್ಡಿ. ಹಿರಿಯರು ಈ ಲೆಕ್ಕವನ್ನು ಹಬ್ಬದೊಳಗೇ ಇಟ್ಟಿದ್ದರು. ಆಷಾಢ ಶುದ್ಧ ನವಮಿ, ಅಂದರೆ ಕಾಂದೇನವಮಿಗೆ, ಚಾತುರ್ಮಾಸ ಹಿಡಿಯುವವರು ಉಳ್ಳಾಗಡ್ಡಿ ಬದನೀಕಾಯಿ ಹೊಟ್ಟೆತುಂಬ ಉಂಡು ಬಿಟ್ಟುಬಿಡುತ್ತಾರೆ. ಮಾರ್ಗಶಿರದ ಚಂಪಾಷಷ್ಠಿಗೆ ಖಂಡೋಬನಿಗೆ ಬದನೀಕಾಯಿ ಭರ್ತ, ರೋಡಗಾ ನೈವೇದ್ಯ ಮಾಡಿ ಮತ್ತೆ ಸುರು. ಮಳೆಯೊಳಗೆ ಬದನೀಕಾಯಿಗೆ ಹುಳದ ಕಾಟ. ಚಳಿ ಬಿದ್ದ ಮೇಲೆ ನಮ್ಮ ಹೊಳಿ ದಂಡಿಯ ಕರಿ ಮಣ್ಣಿನ ಕಾಯಿಯ ರುಚಿಯೇ ಬೇರೆ. ಕಾದವನಿಗೆ ಅದು ಸಿಗುತ್ತದೆ.

ಎರಡನೇದು, ಸಮಪಾಲು ಅಂದರೆ ಎಲ್ಲರಿಗೂ ಅದೇ ವಸ್ತು ಅಲ್ಲ. ನಮ್ಮಲ್ಲಿ ಮೂರು ಜೈನರ ಮನೆಯವರು ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ. ಉಳಿದವರಿಗೆ ಗಜ್ಜರಿ ಕೊಟ್ಟ ವಾರ ಅವರಿಗೆ ಅವರೀಕಾಯಿ ಜಾಸ್ತಿ. ಇದಕ್ಕೆ ಯಾರೂ ತಕರಾರು ಮಾಡಿಲ್ಲ.

ಮೂರನೇ ಪಾಠ ಹೊಳಿ ಕಲಿಸಿತು. ನರಸೋಬವಾಡಿಯಲ್ಲಿ ಕೃಷ್ಣಾ, ಪಂಚಗಂಗಾ ಕೂಡುತ್ತವೆ. ನೀರು ಏರಿ ದತ್ತನ ಗುಡಿಯ ದಕ್ಷಿಣದ್ವಾರದಿಂದ ಹೊರಬಿದ್ದರೆ ಜನ ಪುಣ್ಯಸ್ನಾನಕ್ಕೆ ಓಡುತ್ತಾರೆ. ಅದೇ ನೀರು ಇನ್ನೂ ಏರಿದರೆ ನಮ್ಮ ಹೊಲವೇ ಹೊಳಿ. 2005, 2019, 2021 ಮೂರೂ ಸಲ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ನೀರು ಇಳಿದ ಮೇಲೆ ಹೊಲಕ್ಕೆ ಹೋದರೆ ಹೀರೀಬಳ್ಳಿಯ ಚಪ್ಪರ ಇಲ್ಲ, ಬದನಿ ಅಗಿ ಇಲ್ಲ, ಬರೇ ರಾಡಿ, ಕೊಳೆತ ಕಬ್ಬಿನ ವಾಸನೆ. ನಾನು ಸಾಲ ತಗೊಂಡು ಮನೆಮನೆಗೆ ಮುಂಗಡ ತಿರುಗಿ ಕೊಡಲು ಹೋದೆ. 13 ಮನೆಯವರು ಮುಟ್ಟಲಿಲ್ಲ. ‘ನೀ ಏನ್ ಹೊಳೀನ ಕರದಿದ್ದೇನು, ಇಟಗೋ’ ಅಂದರು. ಒಂದು ಮನೆಯವನು ಮಾತ್ರ 2,000 ರೂಪಾಯಿ ತಗೊಂಡ. ಅವನು ಇಚಲಕರಂಜಿಗೆ ಪಾವರ್‌ಲೂಮಿನ ಕೆಲಸಕ್ಕೆ ಹೋಗುವವ. ಅವನ ಮನೆಯ ಗ್ವಾಡಿಯೂ ಅದೇ ನೀರಿಗೆ ಬಿದ್ದಿತ್ತು, ಕೆಲಸವೂ ನಿಂತಿತ್ತು. ಅದನ್ನು ಕಣ್ಣಿಲೆ ಕಂಡೂ ನಾನು ಕಟ್ಟಿಮ್ಯಾಲೆ ಕುಂತು, ‘ಪಾಲು ಅಂದ್ರ ಏನಂತ ಅವಗ ತಿಳೀಲಿಲ್ಲ’ ಅಂದೆ. ಮಾತು ಅವನಿಗೆ ಮುಟ್ಟಿತು. ಅವನು ಪಾಲು ಬಿಟ್ಟ. ಆ ಜಾಗಕ್ಕೆ ಬೇರೆ ಮನೆ ಬಂತು.

ನಾಕು ವರ್ಷ ದಾಟಿತು. 2023ರ ಜುಲೈದಾಗ ಟೊಮ್ಯಾಟೊ ಕಿಲೋಕ್ಕೆ ನೂರು ರೂಪಾಯಿ ದಾಟಿತು. ನಮ್ಮ ಹೊಲದಲ್ಲಿ ಐದು ಗುಂಟೆ ಟೊಮ್ಯಾಟೊ ಕೆಂಪಗೆ ನಿಂತಿತ್ತು. ವಾರದ ಚೀಲಕ್ಕೆ ಎರಡು ಕಿಲೋ ಹಾಕುವಲ್ಲಿ ನಾನು ಅರ್ಧ ಕಿಲೋ ಹಾಕಿ, ಒಂಬತ್ತು ಕ್ರೇಟ್ ಪೇಟೆಗೆ ಕಳಿಸಿದೆ. 14,000 ರೂಪಾಯಿ ಬಂತು. ಯಾರೂ ಕೇಳಲಿಲ್ಲ. ಮೂರನೇ ವಾರ ಚೀಲ ಇಸಕೊಳ್ಳುತ್ತ ಒಬ್ಬ ಹೆಣ್ಣುಮಗಳು ನಕ್ಕೋತ ಕೇಳಿದಳು: ‘ಕಾಕಾ, ಹೊಳಿ ಬಂದಾಗ ನಾವು ಪಾಲುದಾರರು. ಭಾವ ಬಂದಾಗ ಬರೇ ಗಿರಾಕಿ ಏನ್ರಿ?’

ನಾನು ಗೀಗೀ ಪದ ಹಾಡುವವ. ಹರದೇಶಿಯವರು ಪ್ರಶ್ನೆ ಹಾಕಿದರೆ ನಾಗೇಶಿಯವರು ಜವಾಬು ಕೊಡಬೇಕು, ಅವರು ಹಾಕಿದರೆ ಇವರು. ಜವಾಬು ಕೊಡದೆ ಡಪ್ಪು ಕೆಳಗಿಟ್ಟು ಎದ್ದರೆ ಸೋತ ಹಾಗೆ. ಆ ರಾತ್ರಿ ಎರಡೂ ಕಡೆಯ ಮಾತು ನಾನೇ ಆಡಿಕೊಂಡೆ.

ನೆಲ ನಂದು, ಬೆವರು ನಂದು ಅಂದೆ. ಬೀಜದ ರೊಕ್ಕ ಮೃಗದ ಮಳೆಗೆ ಅವರು ಕೊಟ್ಟದ್ದಲ್ಲವೇ ಅಂತ ಜವಾಬು ಬಂತು. ಭಾವ ಬಿದ್ದ ವರ್ಷ ರೈತರು ಟೊಮ್ಯಾಟೊ ರಸ್ತೆಗೆ ಸುರಿಯುತ್ತಾರೆ, ಆ ನಷ್ಟ ಯಾರು ತುಂಬಿ ಕೊಡುತ್ತಾರೆ ಅಂದೆ. ಈ ಮಾತಿಗೇ ನಾನು ಸೋತೆ. ಯಾಕಂದರೆ ನಾನು ಒಂದು ವರ್ಷವೂ ರಸ್ತೆಗೆ ಸುರಿದಿಲ್ಲ. ಸಂತಿಯೊಳಗೆ ಐದು ರೂಪಾಯಿಗೆ ಕಿಲೋ ಸಿಗುವಾಗಲೂ ಈ ಮನೆಗಳವರು ಅದೇ 3,000 ಕೊಟ್ಟಿದ್ದರು. ಅಗ್ಗದ ವರ್ಷದಾಗ ಅವರು ತುಟ್ಟಿ ವರ್ಷದ ರೊಕ್ಕ ಮುಂಚೇನೇ ಕೊಟ್ಟಂಗಾತು.

ಹಳೇ ಕಾಲದಲ್ಲಿ ಬಡಿಗ, ಕುಂಬಾರ, ಮಾದರರಿಗೆ ಕಣದಾಗ ಆಯ ಕೊಡುತ್ತಿದ್ದರು, ಮರಾಠಿಯವರು ಬಲುತೆ ಅನ್ನುತ್ತಾರೆ. ಅದೂ ಪಾಲೇ. ಆದರೆ ಕೆಲವರು ದೂರ ನಿಂತು ಸೆರಗೊಡ್ಡಿ ಇಸಕೊಳ್ಳಬೇಕಿತ್ತು. ಕೊಡುವವನು ತನಗೆ ತಿಳಿದಷ್ಟು ಕೊಟ್ಟು, ಇಸಕೊಳ್ಳುವವನು ಲೆಕ್ಕ ಕೇಳದಿದ್ದರೆ ಅದು ಪಾಲಲ್ಲ, ಭಿಕ್ಷೆ. ನಾನು ಅರ್ಧ ಕಿಲೋ ಹಾಕಿದಾಗ ಮಾಡಿದ್ದೂ ಅದನ್ನೇ.

ಆದರೆ ಒಂದು ಮಾತು ನನ್ನ ಕಡೆಯೂ ಉಳಿಯಿತು. ಪೂರ ಬಂದರೆ ಅವರದು ವಾರದ ಚೀಲ ಹೋಗುತ್ತದೆ, ನಮ್ಮದು ವರ್ಷವೇ ಹೋಗುತ್ತದೆ, ಮೋಟರೂ ಹೋಗುತ್ತದೆ. ಆದ್ದರಿಂದ ಲಾಭ ಪೂರಾ ಅವರಿಗೇ ಸೇರಬೇಕು ಅನ್ನುವುದೂ ನ್ಯಾಯ ಅಲ್ಲ. ಮುಂದಿನ ವಾರ 14 ಮನೆಯವರನ್ನೂ ಹೊಲಕ್ಕೆ ಕರೆದು ಲೆಕ್ಕ ಓದಿದೆ. ಕೆಲವರು ಬಿಡು ಅಂದರು, ಕೆಲವರು ಸುಮ್ಮನಿದ್ದರು. ಕೊನೆಗೆ 14,000ದಲ್ಲಿ ಅರ್ಧ ನನಗೆ, ಅರ್ಧ ಅವರಿಗೆ ಎಂದಾಯಿತು. ಆ ದೀಪಾವಳಿಗೆ ಮನೆಗೆ 500 ಮುರಿದು 2,500 ಮುಂಗಡ ಇಸಕೊಂಡೆ. ಈಗ ಕರಾರು ಒಂದೇ: ಮೊದಲು ಚೀಲ ತುಂಬಬೇಕು, ಉಳಿದದ್ದು ಪೇಟೆಗೆ. ಅರ್ಧ ಸರಿಯೋ, ಮುಕ್ಕಾಲು ಸರಿಯೋ, ಓದಿದವರು ಹೇಳಬೇಕು.

ಅಷ್ಟೊತ್ತಿಗೆ ಲೂಮಿನವನ ನೆನಪು ಕಾಡತೊಡಗಿತು. ಗಡ್ಡೆ ತಿನ್ನದವರಿಗೆ ಅವರೀಕಾಯಿ ಕೊಡುವ ಬುದ್ಧಿ ಇದ್ದವನಿಗೆ, ನಷ್ಟವನ್ನೂ ಅವರವರು ಹೊರುವಷ್ಟೇ ಹೊರಿಸಬೇಕು ಅನ್ನುವುದು ಹೊಳೆದಿರಲಿಲ್ಲ. 13 ಮನೆಯವರಿಗೆ 3,000 ಬಿಡುವುದು ಸಾಧ್ಯವಿತ್ತು. ಅವನು ಅಂಥಾ ವ್ಯಾಳ್ಯಾದಾಗೂ 1,000 ಬಿಟ್ಟಿದ್ದ.

ಚಂಪಾಷಷ್ಠಿಗೆ ಎರಡು ಕಿಲೋ ಬದನೀಕಾಯಿ ತಗೊಂಡು ಅವನ ಮನೆಗೆ ಹೋಗಿ, ‘ಅವತ್ತ ನಾ ಆಡಿದ್ದು ತಪ್ಪಾತಪಾ’ ಅಂದೆ. ಅವನು ಚಾ ಕುಡಿಸಿದ. ಬದನೀಕಾಯಿ ಇಸಕೊಂಡು, ‘ಎಷ್ಟಾತ್ರಿ ಅಣ್ಣಾ’ ಅಂತ ಕೇಳಿ ಸಂತಿ ಭಾವದಂಗ ರೊಕ್ಕ ಕೊಟ್ಟ. ನಾನು ಬ್ಯಾಡ ಅನ್ನಲಿಲ್ಲ. ಪಾಲಿಗೆ ಅವನು ಇನ್ನೂ ತಿರುಗಿ ಬಂದಿಲ್ಲ.